ಹದಿನಾಲ್ಕನೇ ಬಲೂನು

ನಮ್ಮವರು ಮೂವತ್ತೊಂದು ವರ್ಷ ಸೊನ್ನೆ ಸುತ್ತಿದರು. ತಮಾಷೆಗೆ ಹೇಳುತ್ತಿಲ್ಲ, ಅವರ ಕೆಲಸವೇ ಅದು. ಯಂತ್ರ ಮಾಡುವ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೂತು ಯಂತ್ರದ ನಕ್ಷೆ ಬರೆಯುತ್ತಿದ್ದರು. ಬರೆದು ಮುಗಿದ ಮೇಲೆ ಅದರ ಸುತ್ತ ಸಣ್ಣ ಸಣ್ಣ ಸೊನ್ನೆ ಹಾಕುತ್ತಿದ್ದರು. ಸೊನ್ನೆಯೊಳಗೆ ಒಂದು ನಂಬರು. ಸೊನ್ನೆಯಿಂದ ತೆಳ್ಳಗಿನ ಗೆರೆಯೊಂದು ಹೊರಟು ಯಂತ್ರದ ಒಂದು ಭಾಗವನ್ನು ಮುಟ್ಟಬೇಕು. ಹಾಳೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಏಳನೇ ನಂಬರು ಅಂದರೆ ಏನು, ಎಷ್ಟು ಬೇಕು ಎಂದು ಪಟ್ಟಿ ಹೇಳುತ್ತದೆ. ಅದು ಎಲ್ಲಿ ಕೂರಬೇಕು ಎಂದು ಸೊನ್ನೆ ಹೇಳುತ್ತದೆ. ಆಫೀಸಿನವರು ಅದಕ್ಕೆ ಬಲೂನು ಅನ್ನುತ್ತಾರೆ. ಕೆಳಗೆ ಯಂತ್ರ ಜೋಡಿಸುವವರು ಮಾತ್ರ ಇವರಿಗೆ ಸೊನ್ನೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಬಂದವರೇ, ಇವತ್ತು ನಲವತ್ತು ಬಲೂನು ಹಾಕಿದೆ, ಕತ್ತು ಬಿದ್ದುಹೋಯಿತು ಅಂದರು. ಯಾರ ಮನೆ ಮಗುವಿಗೆ ಎಂದು ಕೇಳಿದೆ. ನಗಲಿಲ್ಲ. ಮರುದಿನ ಆಫೀಸಿನಲ್ಲಿ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನನ್ನ ಮುಂದೆ ನಗದೆ ಅಲ್ಲಿ ಹೋಗಿ ನಕ್ಕರು. ಅಂಥ ಮನುಷ್ಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವರ ಕೆಲಸ ನನಗೆ ಅರ್ಥವಾಗಲಿ ಎಂದು ಅವರೂ ಮೊದಲು ಕೂತು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಕುಕ್ಕರ್ ತೊಳೆದು ಜೋಡಿಸುತ್ತಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಕೇಳಿದರು:

"ಮುಚ್ಚಳ ಕೊಡು ಅಂದ್ರೆ ಏನು ಕೊಡ್ತೀಯ?"

"ಮುಚ್ಚಳ ಕೊಡ್ತೀನಿ. ಇನ್ನೇನು, ಸೌಟು ಕೊಡ್ಲಾ?"

"ರಬ್ಬರ್ ಸಮೇತ ತಾನೆ? ಹಿಡಿ ಸಮೇತ, ಸೀಟಿ ಸಮೇತ. ನಾನು ಒಂದೊಂದೇ ಕೇಳಲ್ಲ, ನೀನು ಒಂದೊಂದೇ ಕೊಡಲ್ಲ. ಅದೇ ಸಬ್‌ಅಸೆಂಬ್ಲಿ ಅಂದ್ರೆ. ಅದಕ್ಕೆ ಒಂದೇ ಬಲೂನು."

ಆವತ್ತು ತಿಳಿಯಿತು. ಹತ್ತು ಸಾಮಾನು ಸೇರಿ ಒಂದಾಗಿದ್ದರೆ ದೊಡ್ಡ ನಕ್ಷೆಯಲ್ಲಿ ಅದಕ್ಕೆ ಒಂದೇ ಸೊನ್ನೆ, ಒಂದೇ ನಂಬರು. ಒಳಗಿನ ಹತ್ತಕ್ಕೂ ನಂಬರು ಬೇಕಾದರೆ ಅದಕ್ಕೆ ಬೇರೆ ಹಾಳೆ. ಮನೆಗೆ ಒಂದು ಬಾಗಿಲ ನಂಬರು ಸಾಕು, ಒಳಗಿರುವ ಅತ್ತೆಗೊಂದು ಸೊಸೆಗೊಂದು ಹೊರಗಿನ ಗೋಡೆಯ ಮೇಲೆ ಬರೆಯುವುದಿಲ್ಲ ಎನ್ನುತ್ತಿದ್ದರು. ಕೆಲವರು ಎಲ್ಲವನ್ನೂ ದೊಡ್ಡ ಹಾಳೆಗೇ ತುರುಕುತ್ತಾರೆ, ಅದು ನಕ್ಷೆಯಲ್ಲ, ಸಂತೆ ಎಂದು ಬೈಯುತ್ತಿದ್ದರು.

ತೀರಿಕೊಂಡ ಮೇಲೆ ಬಂದವರೆಲ್ಲ ಅವರು ಒಳ್ಳೆಯವರು ಅಂದರು. ಒಳ್ಳೆಯವರೇ. ಸಿಡುಕಿನವರೂ ಹೌದು. ಎರಡು ಗೆರೆ ಒಂದನ್ನೊಂದು ದಾಟಿದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಸೊನ್ನೆಗಳೆಲ್ಲ ನೇರ ಸಾಲಿನಲ್ಲಿರಬೇಕು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ನಂಬರು ಏರುತ್ತಾ ಹೋಗಬೇಕು. ಬಟ್ಟೆ ಒಣಗಿಸುವ ಹಗ್ಗದ ಮೇಲೆ ನಾನು ಕ್ಲಿಪ್ಪು ಹಾಕಿದ್ದು ಸರಿಯಿಲ್ಲ ಎಂದು ಬಿಚ್ಚಿ ಮತ್ತೆ ಹಾಕಿದ್ದಾರೆ. ಮನೆಯ ಬೀಗದ ಕೈಗಳಿಗೆಲ್ಲ ದುಂಡಗೆ ಕತ್ತರಿಸಿದ ರಟ್ಟು ಕಟ್ಟಿ ನಂಬರು ಬರೆದಿದ್ದರು. ಬೀರುವಿನ ಬಾಗಿಲ ಒಳಗೆ ಪಟ್ಟಿ. ಒಂದು, ಮುಂಬಾಗಿಲು. ಎರಡು, ಹಿಂಬಾಗಿಲು. ಮೂರು, ಗೊತ್ತಿಲ್ಲ. ಮೂರನೇ ಕೈ ಯಾವ ಬೀಗದ್ದೋ ಯಾರಿಗೂ ಗೊತ್ತಿಲ್ಲ. ಬಿಸಾಡಿ ಅಂದರೆ, ಪಟ್ಟಿಯಲ್ಲಿ ಇದೆಯಲ್ಲ ಅನ್ನುತ್ತಿದ್ದರು. ಇಷ್ಟೆಲ್ಲ ಮಾಡಿದವರು ಅಡುಗೆಮನೆಯ ನಲ್ಲಿ ಎರಡು ವರ್ಷ ಸೋರುತ್ತಿದ್ದರೂ ಕೈ ಹಾಕಲಿಲ್ಲ. ಅದು ಫಿಟ್ಟರನ ಕೆಲಸವಂತೆ.

ಮೊದಲು ಹಲಗೆಯ ಮೇಲೆ ಹಾಳೆ ಬಿಗಿದು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ತೂತುಗಳಿರುವ ಹಸಿರು ಪ್ಲಾಸ್ಟಿಕ್ ಪಟ್ಟಿಯೊಂದಿತ್ತು. ಆ ತೂತಿನಲ್ಲಿ ಪೆನ್ಸಿಲು ಸುತ್ತಿಸಿದರೆ ಸೊನ್ನೆ ಆಗುತ್ತದೆ. ಕಂಪ್ಯೂಟರ್ ಬಂದ ಮೇಲೆ ಅದನ್ನು ಪೆನ್ನಿನ ಡಬ್ಬಿಯಲ್ಲಿ ನಿಲ್ಲಿಸಿದರು. ಕಂಪ್ಯೂಟರಿಗೆ ಒಂದು ಗುಂಡಿ ಒತ್ತಿದರೆ ಸಾಕಂತೆ, ಅದೇ ಎಲ್ಲ ಸೊನ್ನೆಯನ್ನೂ ಹಾಕಿಬಿಡುತ್ತದಂತೆ. ಇವರು ಆ ಗುಂಡಿ ಒತ್ತುತ್ತಿರಲಿಲ್ಲ. ಅದು ಕಾಳು ಚೆಲ್ಲಿದ ಹಾಗೆ ಚೆಲ್ಲುತ್ತದೆ, ಗೆರೆಗೆ ಗೆರೆ ಸಿಕ್ಕಿಕೊಳ್ಳುತ್ತದೆ ಎಂದು ಒಂದೊಂದನ್ನೂ ತಾವೇ ಹಾಕುತ್ತಿದ್ದರು. ಪಟ್ಟಿಯನ್ನು ಮಾತ್ರ ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತಿತ್ತು. ಅದಕ್ಕೆ ಅವರ ಆಕ್ಷೇಪ ಇರಲಿಲ್ಲ.

ಕಣ್ಣಿಗೆ ಪೊರೆ ಬರಲು ಶುರುವಾದ ಮೇಲೆ ನಕ್ಷೆಯನ್ನು ಕಾಗದದ ಮೇಲೆ ತೆಗೆಸಿ ಮನೆಗೆ ತರುವುದು ರೂಢಿಯಾಯಿತು. ಸಂಜೆ ಚಹಾ ಆದ ಮೇಲೆ ಊಟದ ಮೇಜಿನ ಮೇಲೆ ಹಾಸುತ್ತಿದ್ದರು. ನಾಲ್ಕು ಮೂಲೆಗೆ ನಾಲ್ಕು ಲೋಟ. ಪಟ್ಟಿಯ ಕಡೆ ನಾನು, ಚಿತ್ರದ ಕಡೆ ಅವರು. ನಾನು ಪಟ್ಟಿಯಲ್ಲಿದ್ದ ನಂಬರನ್ನು ಗಟ್ಟಿಯಾಗಿ ಓದಬೇಕು. ಅವರು ಅದರ ಸೊನ್ನೆ ಹುಡುಕಿ, ಗೆರೆಯ ಮೇಲೆ ಬೆರಳಾಡಿಸಿ, ಅದು ಮುಟ್ಟಬೇಕಾದ್ದನ್ನು ಮುಟ್ಟಿದೆಯೇ ನೋಡಿ, ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕಿ, "ಇದೆ" ಅನ್ನಬೇಕು. ಆಮೇಲೆ ನಾನು ಮುಂದಿನದು ಓದಬೇಕು. ಸಾಮಾನಿನ ಹೆಸರು ಓದಲು ನನಗೆ ಬರುತ್ತಿರಲಿಲ್ಲ. ನಂಬರು ಬರುತ್ತಿತ್ತು. ಅಷ್ಟು ಸಾಕು ಅಂದರು. ಹೀಗೆ ಐದು ವರ್ಷ ಓದಿದ್ದೇನೆ. ನಾವಿಬ್ಬರೂ ಬೇರೆ ಅಷ್ಟಾಗಿ ಮಾತಾಡುತ್ತಿರಲಿಲ್ಲ. ನಾನು ಒಂದು ಅನ್ನುವುದು, ಅವರು ಇದೆ ಅನ್ನುವುದು. ಎರಡು. ಇದೆ. ಮೂರು. ಇದೆ.

ಪ್ರತಿ ನಕ್ಷೆಯ ಕೆಳಗೆ ಎರಡು ಚೌಕ ಇರುತ್ತವೆ. ಬರೆದವರ ಹೆಸರಿಗೆ ಒಂದು, ನೋಡಿ ಸರಿಯಿದೆ ಎಂದವರ ಹೆಸರಿಗೆ ಒಂದು. ಮೊದಲ ಚೌಕದಲ್ಲಿ ಇವರ ಹೆಸರು. ಎರಡನೆಯದರಲ್ಲಿ ಆರು ವರ್ಷದಿಂದ ಒಬ್ಬ ಹುಡುಗಿಯ ಹೆಸರು. ಹುಡುಗಿ ಅಂದರೆ ಮೂವತ್ತು ದಾಟಿದವಳು, ಒಂದು ಮಗುವಿನ ತಾಯಿ. ಇವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವಳು. ಅವಳನ್ನು ಇವರು ಮನೆಯಲ್ಲಿ ಒಂದೇ ಒಂದು ಸಲ ಹೊಗಳಿದ್ದರು. "ಬರುತ್ತೆ ಅವಳಿಗೆ" ಅಂದಿದ್ದರು. ನನ್ನ ಅಡುಗೆಗೂ ಅಷ್ಟು ಹೇಳಿದವರಲ್ಲ.

ಒಂದು ಸೋಮವಾರ ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಎಡಗಾಲಿಗೆ ಹಾಕಿದ್ದರು. ಬಲಗಾಲಿನದು ಕೈಯಲ್ಲಿತ್ತು. ಅರವತ್ತಕ್ಕೆ ಎರಡು ವರ್ಷ ಕಡಿಮೆ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನನ್ನ ತಂಗಿ ಬಂದು ನನ್ನ ಜೊತೆಗಿದ್ದಳು. ಮೂರನೇ ತಿಂಗಳಲ್ಲಿ ಒಂದು ಭಾನುವಾರ ಫಿಟ್ಟರು ಬಂದರು. ಇವರ ಜೊತೆಗೇ ಕೆಲಸಕ್ಕೆ ಸೇರಿದವರು. ನಕ್ಷೆ ನೋಡಿ ಯಂತ್ರ ಜೋಡಿಸುವುದು ಅವರ ಕೆಲಸ. ನನ್ನನ್ನು ಅತ್ತಿಗೆ ಅನ್ನುತ್ತಾರೆ. ಸಲಕರಣೆಯ ಪೆಟ್ಟಿಗೆ ತಂದಿದ್ದರು. ಮೇಷ್ಟ್ರು ಇದ್ದಾಗ ಈ ನಲ್ಲಿ ರಿಪೇರಿ ಮಾಡಿದ್ದರೆ ನನ್ನ ಕೈಗೂ ಒಂದು ನಂಬರು ಕಟ್ಟಿಬಿಡುತ್ತಿದ್ದರು ಎಂದು ತಮಾಷೆ ಮಾಡುತ್ತಾ ಸಿಂಕಿನ ಕೆಳಗೆ ತಲೆ ತೂರಿಸಿದರು. ಮುಖ ಕಾಣುತ್ತಿರಲಿಲ್ಲ, ಕಾಲು ಮಾತ್ರ ಹೊರಗಿತ್ತು. ಅಲ್ಲಿಂದಲೇ ಮಾತು ಶುರು ಮಾಡಿದರು. ಮುಖ ನೋಡಿ ಹೇಳಲು ಆಗುವ ವಿಷಯ ಅಲ್ಲ ಅಂತ ಆಮೇಲೆ ನನಗೆ ತಿಳಿಯಿತು.

ಇವರು ಕೊನೆಗೆ ಬರೆದ ನಕ್ಷೆ, ಹಿಟ್ಟಿನ ಚೀಲಗಳನ್ನು ಸಾಗಿಸುವ ಬೆಲ್ಟಿನದು. ಅದರಲ್ಲಿ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಒಂದು ರಾಟೆ ಇದೆ. ರಾಟೆ, ತೋಳು, ಸ್ಪ್ರಿಂಗು, ಬೋಲ್ಟು ಎಂದು ಮೊದಲು ಅದಕ್ಕೆ ನಾಲ್ಕು ನಂಬರು ಇದ್ದವು. ಇವರು ಈ ಸಲ ನಾಲ್ಕನ್ನೂ ಸೇರಿಸಿ ಒಂದು ಸಬ್‌ಅಸೆಂಬ್ಲಿ ಮಾಡಿ, ಒಂದೇ ನಂಬರು ಕೊಟ್ಟರು. ಹದಿನಾಲ್ಕು. ಪಟ್ಟಿಯಲ್ಲಿ ಹದಿನಾಲ್ಕು ಇತ್ತು. ಚಿತ್ರದಲ್ಲಿ ಹದಿನಾಲ್ಕರ ಬಲೂನು ಇರಲಿಲ್ಲ. ರಾಟೆ ಸ್ಟೋರಿನಿಂದ ಬಂತು. ಚಿತ್ರದಲ್ಲಿ ಅದು ಚೌಕಟ್ಟಿನ ಗೆರೆಗಳಲ್ಲಿ ಮರೆಯಾಗಿತ್ತು, ಎಲ್ಲಿ ಕೂರಿಸಬೇಕೋ ನಕ್ಷೆ ಹೇಳಲಿಲ್ಲ. ಚೌಕಟ್ಟಿನಲ್ಲಿ ಬೆಲ್ಟಿನ ಮೇಲೂ ಕೆಳಗೂ ಒಂದೇ ಥರದ ತೂತುಗಳಿದ್ದವು. ಇದೇ ಫಿಟ್ಟರು ಮೇಲೆ ಕೂರಿಸಿದರು. ಕೆಳಗೆ ಕೂರಬೇಕಿತ್ತು. ಯಂತ್ರ ಗಿರಾಕಿಯ ಹತ್ತಿರ ಹೋಯಿತು. ಮೂರು ದಿನ ಓಡಿತು. ನಾಲ್ಕನೇ ದಿನ ಬೆಲ್ಟು ಜಾರಿ ಚೀಲಗಳು ಉರುಳಿ ಒಡೆದವು. ಯಾರಿಗೂ ಪೆಟ್ಟಾಗಲಿಲ್ಲ. ಮೊಣಕಾಲವರೆಗೆ ಹಿಟ್ಟು, ಅತ್ತಿಗೆ, ಗಿರಾಕಿ ಮೀಸೆ ಎಲ್ಲ ಬೆಳ್ಳಗೆ, ಒಂದೇ ದಿನಕ್ಕೆ ಮುದುಕ ಆಗಿಬಿಟ್ಟಿದ್ದ ಅಂದರು. ನಾನು ನಗಲಿಲ್ಲ.

"ಸೊನ್ನೆ ಇಲ್ಲ ಅಂತ ನಿಮಗೆ ಕಾಣ್ಲಿಲ್ವಾ?" ಎಂದು ಕೇಳಿದೆ.

ಸಿಂಕಿನ ಕೆಳಗೆ ಸ್ಪ್ಯಾನರು ತಿರುಗುವುದು ನಿಂತಿತು.

"ಕಾಣ್ತು ಅತ್ತಿಗೆ. ಬೇರೆ ಯಾರದ್ದೇ ಆಗಿದ್ರೆ ಮೆಟ್ಟಿಲು ಹತ್ತಿ ಹೋಗಿ ಕೇಳ್ತಿದ್ದೆ. ಮೇಷ್ಟ್ರು ಬಿಟ್ಟಿದಾರೆ ಅಂದ್ರೆ ಬೇಕಂತಲೇ ಬಿಟ್ಟಿರ್ತಾರೆ ಅಂದ್ಕೊಂಡೆ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೇಳೋ ಹಾಗೆ ಮಾಡಿದೋರಲ್ಲ."

ಆಮೇಲೆ ಹೊರಗೆ ಬಂದು ಕೈ ಒರೆಸಿಕೊಂಡರು. ಏನೂ ಚಿಂತೆ ಮಾಡಬೇಡಿ, ಮೇಷ್ಟ್ರ ಹೆಸರಿಗೆ ಮಸಿ ಹತ್ತಲಿಲ್ಲ ಅಂದರು. ಮ್ಯಾನೇಜರು ವಿಚಾರಿಸಿದಾಗ ಆ ಹುಡುಗಿ ತಾನೇ ಒಪ್ಪಿಕೊಂಡಳಂತೆ. ಸರ್ ಬಲೂನು ಹಾಕಿದ್ದರು, ನಾನು ಚಿತ್ರ ಸರಿಸುವಾಗ ಕೈತಪ್ಪಿ ಅಳಿಸಿಬಿಟ್ಟೆ ಅಂದಳಂತೆ. ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸುತ್ತಾರಂತೆ. ಪಾಪ, ಆದರೆ ಏನು ಮಾಡುವುದು ಅಂದರು.

ನನಗೆ ಸಮಾಧಾನವಾಯಿತು. ಸುಳ್ಳು ಬರೆಯುವುದಿಲ್ಲ. ಹುಡುಗಿಯ ಕೆಲಸ ಹೋಗುತ್ತದೆ ಎಂದು ಕೇಳಿದ ಮೇಲೂ ಸಮಾಧಾನವೇ ಆಯಿತು. ಮೂವತ್ತೊಂದು ವರ್ಷದಲ್ಲಿ ಒಂದು ನಕ್ಷೆಯೂ ತಿರುಗಿ ಬಂದಿರಲಿಲ್ಲ ಎನ್ನುವುದು ಒಂದೇ ಅವರು ಬಿಟ್ಟುಹೋದ ಆಸ್ತಿ. ಅದು ಉಳಿಯಿತಲ್ಲ ಎಂದುಕೊಂಡೆ. ಫಿಟ್ಟರಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ.

ಅವರು ಹೋದ ಮೇಲೆ ಲೋಟ ತೊಳೆಯುತ್ತಿದ್ದೆ. ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ. ಆಗ ಹದಿನಾಲ್ಕು ಎನ್ನುವುದು ತಲೆಯಲ್ಲಿ ಹೊಡೆಯಿತು. ಹದಿನಾಲ್ಕನ್ನು ನಾನು ಓದಿದ್ದೆನೇ?

ಬೀರುವಿನ ಹಿಂದೆ ಸುರುಳಿ ಇತ್ತು. ಮೇಜಿನ ಮೇಲೆ ಹಾಸಿ ನಾಲ್ಕು ಲೋಟ ಇಟ್ಟೆ. ಹಿಟ್ಟಿನ ಚೀಲದ ಬೆಲ್ಟು. ಕೆಂಪು ಟಿಕ್‌ಗಳನ್ನು ಎಣಿಸಿದೆ. ಹದಿಮೂರು. ಪಟ್ಟಿಯಲ್ಲಿ ಹತ್ತೊಂಬತ್ತು ಸಾಲು. ಚಿತ್ರದ ಸುತ್ತ ಸೊನ್ನೆ ಎಣಿಸಿದೆ. ಹದಿನೆಂಟು. ಮೇಲಿನ ಸಾಲಿನಲ್ಲಿ ಹದಿಮೂರು ಆದ ಮೇಲೆ ಒಂದು ಸೊನ್ನೆ ಹಿಡಿಯುವಷ್ಟು ಜಾಗ ಖಾಲಿ. ಆಮೇಲೆ ಹದಿನೈದು. ಜಾಗ ಬಿಟ್ಟಿದ್ದರು. ಹಾಕಿರಲಿಲ್ಲ.

ಹುಡುಗಿ ಅಳಿಸಿರಲಿಲ್ಲ. ಮನೆಗೆ ಬಂದ ಹಾಳೆಯಲ್ಲೇ ಅದು ಇರಲಿಲ್ಲ.

ಆ ಸಂಜೆ ಪೂರ್ತಿ ನೆನಪಾಯಿತು. ಬುಧವಾರ. ಹದಿಮೂರಕ್ಕೆ ಇದೆ ಅಂದರು. ಅಷ್ಟರಲ್ಲಿ ಫೋನ್ ಬಂತು. ನಾನು ಎದ್ದು ಹೋದೆ. ಬಹಳ ಹೊತ್ತು ಮಾತಾಡಿದೆ, ಏನೂ ವಿಷಯವಿರಲಿಲ್ಲ. ತಿರುಗಿ ಬಂದಾಗ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದರು. ಇವತ್ತಿಗೆ ಸಾಕು, ಹದಿನಾಲ್ಕರಿಂದ ಬೆಳಿಗ್ಗೆ ನೋಡೋಣ, ಮರೆತರೆ ನೆನಪಿಸು ಅಂದರು. ಬೆಳಿಗ್ಗೆ ಬಸ್ಸಿಗೆ ತಡವಾಗಿತ್ತು. ತಿಂಡಿ ಇಡಲು ಮೇಜು ಬೇಕಿತ್ತು. ಹಾಳೆ ಸುತ್ತಿ ಬೀರುವಿನ ಹಿಂದೆ ಇಟ್ಟವಳು ನಾನೇ. ನೆನಪಿಸಲಿಲ್ಲ. ಅವರಿಗೂ ನೆನಪಾಗಲಿಲ್ಲ. ಆವತ್ತೇ ಆಫೀಸಿನಲ್ಲಿ ನಕ್ಷೆ ಕೆಳಗೆ ಕಳಿಸಿದರು. ಅದಾಗಿ ನಾಲ್ಕು ದಿನಕ್ಕೆ ಶೂ ಹಾಕಿಕೊಳ್ಳಲು ಬಗ್ಗಿದರು.

ತಂಗಿ ಕೇಳಿದಳು, ಏನಕ್ಕಾ ಹಾಳೆ ಹಾಸ್ಕೊಂಡು ಕೂತಿದೀಯ ಎಂದು. ತಪ್ಪು ಇವರದ್ದು, ಆ ಹುಡುಗಿ ಸುಳ್ಳು ಹೇಳಿದ್ದಾಳೆ, ನಾಳೆ ಆಫೀಸಿಗೆ ಹೋಗಿ ಹೇಳುತ್ತೇನೆ ಅಂದೆ. ತಂಗಿಗೆ ಸಿಟ್ಟು ಬಂತು.

"ನಿನಗೇನು ತಲೆ ಕೆಟ್ಟಿದೆಯೇನೇ? ಅವಳಾಗೇ ಮೈಮೇಲೆ ಹಾಕ್ಕೊಂಡಿದಾಳೆ. ಅವಳಿಗೆ ಇನ್ನೂ ವಯಸ್ಸಿದೆ, ಬೇರೆ ಕಡೆ ಸಿಗುತ್ತೆ. ಭಾವನಿಗೆ ಬಂದು ಇನ್ನೊಂದು ನಕ್ಷೆ ಬರೆದು ಹೆಸರು ಸರಿ ಮಾಡ್ಕೊಳ್ಳಕ್ಕಾಗುತ್ತಾ?"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಸುರುಳಿಯನ್ನು ಬೀರುವಿನ ಹಿಂದೆ ಇಟ್ಟೆ. ತೆಗೆದೆ. ಇಟ್ಟೆ. ಹರಿದು ಒಲೆಗೆ ಹಾಕಿದರೆ ಮುಗಿಯಿತು ಎಂದೂ ಅನ್ನಿಸಿತು. ಅವರ ಹೆಸರು ಚೊಕ್ಕಟವಾಗಿ ಇರಬೇಕಾದರೆ ನಾನು ಒಂದು ಕಾಗದ ಹರಿಯಬೇಕು, ಅಷ್ಟೆ.

ಮೂರನೇ ದಿನ ಬೀರು ತೆರೆದಾಗ ಬಾಗಿಲ ಒಳಗಿನ ಪಟ್ಟಿ ಕಣ್ಣಿಗೆ ಬಿತ್ತು. ಮೂರು, ಗೊತ್ತಿಲ್ಲ. ಗೊತ್ತಿಲ್ಲದ ಬೀಗದ ಕೈಗೆ ಗೊತ್ತಿಲ್ಲ ಎಂದೇ ಬರೆದ ಮನುಷ್ಯ. ಏನಾದರೂ ಒಂದು ಬರೆಯಬಹುದಿತ್ತು. ಹಳೇ ಟ್ರಂಕು ಎಂದು ಬರೆದಿದ್ದರೆ ಯಾರು ಕೇಳುತ್ತಿದ್ದರು?

ಚಪ್ಪಲಿ ಮೆಟ್ಟಿ ಹೊರಟೆ.

ಆ ಆಫೀಸಿಗೆ ನಾನು ಮೊದಲು ಎರಡು ಸಲ ಹೋಗಿದ್ದೆ. ಒಂದು ಸಲ ಅವರು ಮರೆತ ಕನ್ನಡಕ ಕೊಡಲು, ಇನ್ನೊಂದು ಸಲ ಅವರ ಸಾಮಾನು ತರಲು. ಬಸ್ಸಿನಲ್ಲಿ ಸುರುಳಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದೆ. ಪಕ್ಕದವರಿಗೆ ತಾಗುತ್ತಿತ್ತು. ಕ್ಯಾಲೆಂಡರಾ ಎಂದು ಕೇಳಿದರು. ಹೌದು ಅಂದೆ.

ಮೇಲಿನ ಮಹಡಿಯಲ್ಲಿ ಆರು ಮೇಜು. ಕಿಟಕಿಯ ಪಕ್ಕದ್ದು ಅವರದ್ದು. ಕುರ್ಚಿಯ ಮೇಲೆ ಯಾರೂ ಇರಲಿಲ್ಲ. ಪೆನ್ನಿನ ಡಬ್ಬಿಯಲ್ಲಿ ಹಸಿರು ಪಟ್ಟಿ ಹಾಗೇ ನಿಂತಿತ್ತು. ಆವತ್ತು ಸಾಮಾನು ತರುವಾಗ ಅದನ್ನು ಬಿಟ್ಟುಬಂದಿದ್ದೆ. ಪಕ್ಕದ ಮೇಜಿನ ಹುಡುಗಿ ನನ್ನನ್ನು ನೋಡಿ ಎದ್ದಳು. ಕೈಯಲ್ಲಿದ್ದ ಸುರುಳಿ ನೋಡಿದಳು. ಅವಳ ಮುಖ ಇಳಿಯಿತು. ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಮಾತಾಡಿಸದೆ ನೇರ ಮ್ಯಾನೇಜರ ಕೋಣೆಗೆ ಹೋದೆ. ಮಾತಾಡಿಸಿದ್ದರೆ ಅವಳು ತಡೆಯುತ್ತಿದ್ದಳು.

ಮ್ಯಾನೇಜರು ಕೆಟ್ಟವರೇನಲ್ಲ. ಕೂರಿ ಅಂದರು, ನೀರು ತರಿಸಿದರು. ಇವರಿಗೆ ಬರಬೇಕಾದ ಹಣದ ಬಗ್ಗೆ ಕೇಳಲು ಬಂದೆ ಅಂದುಕೊಂಡರು. ಅದಲ್ಲ ಎಂದು ಹಾಳೆ ಹಾಸಿದೆ. ಮೂಲೆಗೆ ಇಡಲು ಲೋಟ ಒಂದೇ ಇತ್ತು. ಉಳಿದ ಮೂರು ಮೂಲೆ ಕೈಯಲ್ಲಿ ಒತ್ತಿ ಹಿಡಿಯಲು ಆಗದೆ, ನೀವು ಆ ಕಡೆ ಹಿಡಿಯಿರಿ ಅಂದೆ. ಹಿಡಿದರು.

ನಾನು ಪಟ್ಟಿ ಓದುವುದು, ಅವರು ಟಿಕ್ ಹಾಕುವುದು, ಆ ಬುಧವಾರ ಹದಿಮೂರಕ್ಕೆ ನಿಂತದ್ದು, ಬೆಳಿಗ್ಗೆ ನಾನು ನೆನಪಿಸದೆ ಇದ್ದದ್ದು, ಎಲ್ಲ ಹೇಳಿದೆ. ಹೇಳುವಾಗ ಎಲ್ಲೂ ತಡವರಿಸಲಿಲ್ಲ. ಮನೆಯಲ್ಲಿ ಮೂರು ದಿನ ಹೇಳಿಕೊಂಡು ನೋಡಿದ್ದೆ.

ಮ್ಯಾನೇಜರು ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

"ಇದನ್ನ ನೀವು ತರದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲಮ್ಮ" ಅಂದರು.

"ಆ ಹುಡುಗಿಗೆ ಗೊತ್ತಿತ್ತಲ್ಲ" ಅಂದೆ. "ತಪ್ಪು ನಮ್ಮನೇದು. ಅವಳು ಯಾಕೆ ಹೊರಬೇಕು?"

ಹುಡುಗಿಯನ್ನು ಕರೆಸಿದರು. ಬಂದು ಬಾಗಿಲ ಹತ್ತಿರ ನಿಂತಳು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರು. ಅವಳು ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು.

"ನಾನು ನೋಡದೇನೇ ಸೈನ್ ಹಾಕಿದ್ದೆ ಅಮ್ಮ. ಅದು ಸುಳ್ಳಲ್ಲ. ಸರ್ ಬರೆದಿದ್ದಲ್ವಾ, ಏನು ನೋಡೋದು ಅಂತ ಹಾಕ್ಬಿಟ್ಟೆ. ನೋಡಿದ್ರೆ ಸಿಗ್ತಿತ್ತು. ಹಾಗಾಗಿ ತಪ್ಪು ನನ್ನದೂ ಇದೆ. ಆಮೇಲೆ ಎಲ್ಲರೂ ಸೇರಿ ಮೇಷ್ಟ್ರು, ಮೇಷ್ಟ್ರು ಅಂತ ಮಾತಾಡಕ್ಕೆ ಶುರು ಮಾಡಿದ್ರು. ಅವರು ಬಂದು ಉತ್ತರ ಹೇಳೋ ಹಾಗಿಲ್ಲ. ನಾನಾದ್ರೆ ಇದೀನಿ."

ನನಗೆ ಸಿಟ್ಟೂ ಬಂತು, ಇನ್ನೊಂದೂ ಬಂತು. ಸಿಟ್ಟನ್ನೇ ಹೇಳಿದೆ.

"ಆರು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಇದನ್ನೇ ಕಲಿಸಿದ್ರಾ ಅವರು? ಇರೋದನ್ನ ಇದೆ ಅನ್ನು, ಇಲ್ದೇ ಇರೋದನ್ನ ಇಲ್ಲ ಅನ್ನು. ಅಷ್ಟೇ ತಾನೇ ನಿಮ್ಮ ಕೆಲಸ?"

ಅವಳು ತಲೆ ತಗ್ಗಿಸಿದಳು. ಮ್ಯಾನೇಜರು ಬಿಡಿಸುವ ಮಾತು ಕೈಬಿಟ್ಟರು. ನೋಡದೆ ಸಹಿ ಹಾಕಿದ್ದಕ್ಕೆ ಒಂದು ಎಚ್ಚರಿಕೆಯ ಕಾಗದ ಕೊಡುತ್ತೇನೆ, ಅದು ಕೊಡಲೇಬೇಕು ಅಂದರು. ಕೊಡಿ ಅಂದಳು. ಕೊಡಬೇಕಾದ್ದೇ ಎಂದು ನಾನೂ ಅಂದೆ. ಆಮೇಲೆ ಅವರು ನನ್ನನ್ನು ಕೇಳಿದರು, ಈ ಹಾಳೆ ಫೈಲಿನಲ್ಲಿ ಇಡಬೇಕಾಗುತ್ತದೆ, ಇಟ್ಟರೆ ತಪ್ಪು ಯಾರದ್ದು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ, ಪರವಾಗಿಲ್ಲವೇ ಎಂದು.

ಆಗ ಕೈ ಹಾಳೆಯ ಮೇಲಿಂದ ಏಳಲಿಲ್ಲ. ಅವರ ಕೆಂಪು ಪೆನ್ಸಿಲಿನ ಗುರುತು ಇರುವ ಕೊನೆಯ ಕಾಗದ ಅದು. ಮನೆಯಲ್ಲಿ ಇನ್ನೊಂದಿಲ್ಲ. ಇಟ್ಟುಕೊಳ್ಳಿ ಎಂದು ಹೇಳಿ ಆಮೇಲೆ ಕೈ ತೆಗೆದೆ.

ಹೊರಗೆ ಬಂದಾಗ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಆ ನಕ್ಷೆ ತೆಗೆದಳು. ಯಂತ್ರ ರಿಪೇರಿ ಆಗಿದ್ದರೂ ನಕ್ಷೆ ಇನ್ನೂ ಸರಿಯಾಗಿರಲಿಲ್ಲ. ಅಳಿಸಿದೆ ಎಂದು ಹೇಳಿದವಳಿಗೆ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಈಗ ಹದಿಮೂರು ಮತ್ತು ಹದಿನೈದರ ನಡುವೆ ಒಂದು ಸೊನ್ನೆ ಹಾಕಿದಳು. ಗೆರೆ ಎಳೆದು ಕೆಳಗಿನ ರಾಟೆಗೆ ಮುಟ್ಟಿಸಿದಳು. ಸೊನ್ನೆಯೊಳಗೆ ಹದಿನಾಲ್ಕು ಎಂದು ತಾನೇ ಮೂಡಿತು. ಸಾಲು ನೇರ ಇತ್ತು. ಅವರು ಬಿಟ್ಟಿದ್ದ ಜಾಗಕ್ಕೆ ಸರಿಯಾಗಿ ಕೂತಿತು. ಯಾವ ಗೆರೆಯನ್ನೂ ದಾಟಲಿಲ್ಲ.

ನಕ್ಷೆಯಲ್ಲಿ ಏನು ಬದಲಾಯಿತು, ಯಾಕೆ ಎಂದು ಬರೆಯಲು ಮೇಲೊಂದು ಸಣ್ಣ ಚೌಕ ಇರುತ್ತದಂತೆ. ಏನು ಬರೆಯಲಿ ಅಮ್ಮ ಎಂದು ಕೇಳಿದಳು.

"ಬಿಟ್ಟುಹೋಗಿತ್ತು ಅಂತ ಬರಿ."

"ಬರೆದವರ ಹೆಸರು?"

"ಅವರದ್ದೇ ಇರಲಿ. ಬರೆದಿದ್ದು ಅವರೇ ತಾನೆ."

ಕಾಗದದ ಮೇಲೆ ತೆಗೆದು ಅವರ ಮೇಜಿನ ಮೇಲೆ ಹಾಸಿದಳು. ಮೂಲೆಗೆ ಪೆನ್ನಿನ ಡಬ್ಬಿ, ಅವಳ ನೀರಿನ ಬಾಟಲಿ, ನನ್ನ ಪರ್ಸು, ಒಂದು ಪಂಚಿಂಗ್ ಮಿಷನ್. ಸಹಿ ಹಾಕುವ ಮೊದಲು ನೋಡಬೇಕು, ನೀವು ಓದ್ತೀರಾ ಎಂದು ಕೇಳಿದಳು. ನಾನು ಅವರ ಕುರ್ಚಿಯಲ್ಲಿ ಕೂತೆ. ಕುರ್ಚಿ ಎತ್ತರ ಇತ್ತು, ಕಾಲು ನೆಲಕ್ಕೆ ಪೂರ್ತಿ ತಾಗಲಿಲ್ಲ. ಒಂದು ಅಂದೆ. ಅವಳು ಹುಡುಕಿ, ಗೆರೆಯ ಮೇಲೆ ಬೆರಳಾಡಿಸಿ, ಟಿಕ್ ಹಾಕಿ, ಇದೆ ಅಂದಳು. ಬೆರಳಾಡಿಸುವುದು ಅವರ ಹಾಗೇ.

ಹದಿಮೂರಕ್ಕೆ ಇದೆ ಅಂದಳು. ನಾನು ಒಂದು ಕ್ಷಣ ನಿಂತೆ. ಆಮೇಲೆ ಹದಿನಾಲ್ಕು ಅಂದೆ.

"ಇದೆ" ಅಂದಳು.

ಹತ್ತೊಂಬತ್ತರವರೆಗೂ ಓದಿ ಎದ್ದೆ.

ಮೆಟ್ಟಿಲ ಕೆಳಗೆ ಫಿಟ್ಟರು ಸಿಕ್ಕರು. ಅಷ್ಟರಲ್ಲಿ ಸುದ್ದಿ ಅಲ್ಲಿಗೆ ಹೋಗಿತ್ತು. ಮುಖ ಗಂಟು ಹಾಕಿಕೊಂಡಿದ್ದರು. ಉಳಿದಿದ್ದ ಹೆಸರನ್ನು ನೀವೇ ತಂದು ಕಳೆದಿರಲ್ಲ ಅತ್ತಿಗೆ, ಈಗ ಇಲ್ಲಿ ಎಲ್ಲರೂ ಸೊನ್ನೆ ಮೇಷ್ಟ್ರೂ ಒಂದು ಬಿಟ್ಟರು ಎಂದು ಆಡಿಕೊಳ್ಳುತ್ತಾರೆ ಅಂದರು.

"ಬಿಟ್ಟರು" ಅಂದೆ. "ಒಂದು. ಮೂವತ್ತೊಂದು ವರ್ಷಕ್ಕೆ ಒಂದು ಅಂತ ಹೇಳಿ ಅವರಿಗೆ. ಸರಿಯಾಗಿ ಎಣಿಸಿ ಆಡ್ಕೊಳ್ಳಲಿ."

ಫಿಟ್ಟರು ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದು ಬಂದರು. ಇನ್ನು ಮುಂದೆ ಇಲ್ಲದ ಸೊನ್ನೆ ಕಂಡರೆ ಹತ್ತಿ ಹೋಗಿ ಕೇಳಿ, ಬರೆದವರು ಯಾರೇ ಆಗಿರಲಿ ಅಂದೆ. ಹೂಂ ಅಂದರು.

ಮನೆಗೆ ಬಂದಾಗ ತಂಗಿ ಏನಾಯಿತು ಎಂದು ಕೇಳಿದಳು. ಹೇಳಿದೆ. ಆ ಬುಧವಾರದ ಫೋನ್ ಅವಳದ್ದು ಎಂದು ಮಾತ್ರ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಊಟಕ್ಕೆ ತಟ್ಟೆ ಇಟ್ಟಳು. ಮೇಜಿನ ಮೇಲೆ ಹಾಸಲು ಏನೂ ಇರಲಿಲ್ಲ. ನಾಲ್ಕು ಲೋಟಗಳನ್ನೂ ಎತ್ತಿ ಒಳಗಿಟ್ಟೆ.